ಕೈಗಂಟಿದ ಎಡಬದಿ, ಅಮೆರಿಕದ ಬಲಬದಿ

ಮೈಸೂರಿನ ಸರ್ಕಲ್ಲುಗಳಲ್ಲಿ, ಮಂಡ್ಯದ ಕಬ್ಬಿನ ಗಾಡಿಗಳ ನಡುವೆ ವರ್ಷಗಟ್ಟಲೆ ಕಾರು ಓಡಿಸಿ ಪಳಗಿದವರಿಗೆ ಅಮೆರಿಕದ ರಸ್ತೆ ಮೊದಲ ನೋಟಕ್ಕೆ ಸಲೀಸು ಅನ್ನಿಸುತ್ತದೆ. ಅಡ್ಡ ಬರುವ ದನವಿಲ್ಲ, ಒನ್‌ವೇಯಲ್ಲಿ ಎದುರು ನುಗ್ಗುವ ಬೈಕಿಲ್ಲ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರಿಲ್ಲ. ಆದರೂ ಹೊಸದಾಗಿ ಹೋದವರು ಕಾರು ಉಜ್ಜಿಸಿಕೊಳ್ಳುತ್ತಾರೆ, ದಂಡ ಕಟ್ಟುತ್ತಾರೆ. ನಮ್ಮಲ್ಲಿ ವಾಹನ ಓಡುವುದು ರಸ್ತೆಯ ಎಡಬದಿಯಲ್ಲಿ, ಸ್ಟೇರಿಂಗ್ ಬಲಕ್ಕೆ; ಅಲ್ಲಿ ಬಲಬದಿಯಲ್ಲಿ, ಸ್ಟೇರಿಂಗ್ ಎಡಕ್ಕೆ. ಓದಿಕೊಂಡ ನಿಯಮ ತಲೆಯಲ್ಲಿರುತ್ತದೆ, ಕೈಕಾಲು ಮಾತ್ರ ಊರಿನ ರೂಢಿಯಲ್ಲೇ ನಡೆಯುತ್ತವೆ. ಈ ರೂಢಿ ದಿನವಿಡೀ ಕಾಡುವುದಿಲ್ಲ, ಕೆಲವೇ ಗಳಿಗೆಗಳಲ್ಲಿ ತಲೆಯೆತ್ತುತ್ತದೆ. ಆ ಗಳಿಗೆಗಳನ್ನು ಹೊರಡುವ ಮೊದಲೇ ತಿಳಿದಿರುವುದು ಒಳ್ಳೆಯದು.

ತಪ್ಪು ಬದಿಗೆ ಹೋಗುವುದು ವಾಹನಗಳು ತುಂಬಿದ ರಸ್ತೆಯಲ್ಲಲ್ಲ. ಅಲ್ಲಿ ಮುಂದಿನ ಕಾರಿನ ಹಿಂದೆ ಹೋದರೆ ಆಯಿತು. ತಪ್ಪಾಗುವುದು ಖಾಲಿ ರಸ್ತೆಯಲ್ಲಿ: ಬೆಳಗಿನ ಜಾವ ಅಪಾರ್ಟ್‌ಮೆಂಟ್ ಗೇಟಿನಿಂದ ಹೊರಬರುವಾಗ, ಪೆಟ್ರೋಲ್ ಬಂಕಿನಿಂದ ಮತ್ತೆ ರಸ್ತೆಗಿಳಿಯುವಾಗ, ಸುಸ್ತಾಗಿ ರಾತ್ರಿ ಮನೆಗೆ ಮರಳುವಾಗ. ಅದರಲ್ಲೂ ಎಡ ತಿರುವು. ನಮ್ಮಲ್ಲಿ ಎಡಕ್ಕೆ ತಿರುಗುವುದೆಂದರೆ ರಸ್ತೆಯ ಅಂಚು ಹಿಡಿದು ಸಣ್ಣಗೆ ಹೊರಳುವುದು. ಅಲ್ಲಿ ಎಡ ತಿರುವೇ ದೊಡ್ಡದು. ಎದುರಿನಿಂದ ಬರುವವರ ಲೇನ್ ದಾಟಿ, ಅಗಲವಾಗಿ ಸುತ್ತಿ, ಆಚೆಯ ಬಲಬದಿ ಸೇರಬೇಕು. ಬಲ ತಿರುವು ಸಣ್ಣದು. ಗುರುತಿಗೆ ಎರಡು ವಿಷಯ ಸಾಕು. ಅಮೆರಿಕದಲ್ಲಿ ಎದುರುಬದುರು ಹೋಗುವ ವಾಹನಗಳನ್ನು ಬೇರ್ಪಡಿಸುವುದು ಹಳದಿ ಗೆರೆ, ಒಂದೇ ದಿಕ್ಕಿನ ಲೇನ್‌ಗಳ ನಡುವೆ ಇರುವುದು ಬಿಳಿ ಗೆರೆ. ಹಳದಿ ಗೆರೆ ನಿಮ್ಮ ಎಡಗಡೆ ಇದ್ದರೆ ಸರಿಯಾದ ಬದಿಯಲ್ಲಿದ್ದೀರಿ. ಎರಡನೆಯದು, ಸ್ಟೇರಿಂಗ್ ಹಿಡಿದವರು ಯಾವಾಗಲೂ ರಸ್ತೆಯ ನಡುಭಾಗದ ಕಡೆ ಕೂತಿರಬೇಕು. ಅಂಚಿನ ಕಡೆ ಕೂತಂತೆ ಅನ್ನಿಸಿದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

ಸರಿಯಾದ ಬದಿಯಲ್ಲಿದ್ದರೂ ಕಾರು ಬಲಕ್ಕೆ ವಾಲುತ್ತಾ ಹೋಗುತ್ತದೆ. ಊರಿನಲ್ಲಿ ಕಾರಿನ ಬಹುಭಾಗ ನಮ್ಮ ಎಡಕ್ಕಿರುತ್ತದೆ, ಅಲ್ಲಿ ಬಲಕ್ಕೆ. ಕಣ್ಣಿಗೆ ಆ ಅಗಲದ ಅಂದಾಜು ಸಿಗುವವರೆಗೆ ಬಲಗಡೆಯ ಟೈರುಗಳು ಫುಟ್‌ಪಾತಿನ ಅಂಚಿಗೆ ಉಜ್ಜುತ್ತವೆ, ನಿಂತ ಕಾರುಗಳ ಕನ್ನಡಿಗೆ ನಮ್ಮ ಕನ್ನಡಿ ತಗಲುತ್ತದೆ. ಬಾನೆಟ್ಟಿನ ಮುಂದೆಯೇ ದಿಟ್ಟಿಸದೆ ದೂರ ನೋಡಿ, ಆಗಾಗ ಬಲಗನ್ನಡಿಯಲ್ಲಿ ಬಿಳಿ ಗೆರೆ ಎಷ್ಟು ಹತ್ತಿರವಿದೆ ಎಂದು ಗಮನಿಸಿ. ಆ ಕನ್ನಡಿ ಉಬ್ಬಿರುವುದರಿಂದ ಹಿಂದಿನ ವಾಹನ ಇರುವುದಕ್ಕಿಂತ ದೂರ ಕಾಣುತ್ತದೆ, ಎಡಗಡೆಯದು ಸಪಾಟು. ಎರಡನ್ನೂ ಒಂದೇ ಲೆಕ್ಕದಲ್ಲಿ ನಂಬಿ ಲೇನ್ ಬದಲಿಸಬಾರದು. ತಲೆ ತಿರುಗಿಸಿ ಭುಜದಾಚೆ ನೋಡಲೇಬೇಕು. ಲೈಸೆನ್ಸ್ ಪರೀಕ್ಷೆಯಲ್ಲಿ ಇದಕ್ಕೇ ಅಂಕ ಕಳೆದುಕೊಳ್ಳುವ ನಮ್ಮವರು ಬಹಳ.

ಇಂಡಿಕೇಟರ್ ಹಾಕಲು ಹೋಗಿ ವೈಪರ್ ಆಡಿಸುವುದು ಸಣ್ಣ ವಿಷಯವೇ. ಅಲ್ಲಿ ಇಂಡಿಕೇಟರ್ ಎಡಗೈಗೆ, ವೈಪರ್ ಬಲಗೈಗೆ. ಆದರೆ ಕಾಲಿನ ರೂಢಿ ಸಣ್ಣದಲ್ಲ. ಆಟೊಮ್ಯಾಟಿಕ್ ಗೇರಿನಲ್ಲಿ ಕ್ಲಚ್ ಇಲ್ಲ. ವೇಗ ತಗ್ಗಿಸುವ ಹೊತ್ತಿಗೆ ಎಡಗಾಲು ತಾನಾಗಿ ಮುಂದೆ ಬಂದು ಬ್ರೇಕಿನ ಅಗಲ ಪೆಡಲನ್ನು ಕ್ಲಚ್ಚಿನಂತೆ ಪೂರ್ತಿ ಒತ್ತಿಬಿಡುತ್ತದೆ. ಹಿಂದಿನ ಕಾರು ಬಂದು ಗುದ್ದುವುದು ಆಗಲೇ. ಕೂತ ಕೂಡಲೇ ಎಡಗಾಲನ್ನು ಸೀಟಿನ ಕಡೆಗೆ ಹಿಂದೆ ಎಳೆದಿಟ್ಟುಕೊಳ್ಳಿ, ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲೊಂದೇ.

ಸ್ಟಾಪ್ ಫಲಕ ಕಂಡಲ್ಲಿ ಕಾರು ಪೂರ್ತಿ ನಿಲ್ಲಬೇಕು, ಸುತ್ತ ಒಂದು ನರಪಿಳ್ಳೆ ಇಲ್ಲದಿದ್ದರೂ. ಚಕ್ರ ನಿಧಾನಕ್ಕೆ ಉರುಳುತ್ತಿದ್ದರೆ ಅದು ನಿಂತಂತಲ್ಲ. ಮುಂದಕ್ಕೆ ಬಾಗಿದ ಕಾರು ಹಿಂದಕ್ಕೆ ಕೂತ ಮೇಲೆ ಹೊರಡಿ. ನಾಲ್ಕು ಕಡೆಯೂ ಸ್ಟಾಪ್ ಇರುವ ಚೌಕದಲ್ಲಿ ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ, ಒಟ್ಟಿಗೆ ಬಂದರೆ ಬಲಗಡೆಯವರು. ಕೆಂಪು ದೀಪವಿದ್ದಾಗ ಪೂರ್ತಿ ನಿಂತು, ನೋಡಿಕೊಂಡು ಬಲಕ್ಕೆ ತಿರುಗಬಹುದು, ಬೇಡವೆಂಬ ಫಲಕವಿದ್ದರೆ ಕೂಡದು. ನ್ಯೂಯಾರ್ಕ್ ನಗರದಲ್ಲಿ ಮಾತ್ರ, ಅನುಮತಿಯ ಫಲಕ ಇದ್ದಲ್ಲಿ ಬಿಟ್ಟರೆ, ಕೂಡದೇ ಕೂಡದು. ಇನ್ನು ಹೆಡ್‌ಲೈಟ್ ಮಿನುಗಿಸುವುದು. ನಮ್ಮಲ್ಲಿ ಅದರರ್ಥ ‘ನಾನು ಬರ್ತಿದ್ದೀನಿ, ನಿಲ್ಲು’. ಅಲ್ಲಿ ಸಾಮಾನ್ಯವಾಗಿ ‘ನೀವು ಹೋಗಿ’ ಎಂದುಕೊಳ್ಳುತ್ತಾರೆ. ಎಡಕ್ಕೆ ತಿರುಗಲು ಕಾದವರಿಗೆ ನೀವು ಲೈಟ್ ಹೊಡೆದರೆ ಅವರು ನೇರ ನಿಮ್ಮ ಮುಂದಕ್ಕೇ ತಿರುಗುತ್ತಾರೆ.

ಹಳದಿ ಶಾಲಾ ಬಸ್ಸಿನ ಕೆಂಪು ದೀಪ ಮಿನುಗುತ್ತಿದ್ದರೆ ಹಿಂದಿನವರೂ ಎದುರಿನವರೂ ನಿಲ್ಲಬೇಕು. ನಡುವೆ ಡಿವೈಡರ್ ಇದ್ದರೆ ಎದುರಿನವರಿಗೆ ಬಹುತೇಕ ರಾಜ್ಯಗಳಲ್ಲಿ ವಿನಾಯಿತಿ ಇದೆ, ನ್ಯೂಯಾರ್ಕ್ ರಾಜ್ಯದಲ್ಲಿ ಇಲ್ಲ. ವೇಗದ ಫಲಕ ಮೈಲಿಯಲ್ಲಿರುತ್ತದೆ: 25 ಎಂದರೆ ಸುಮಾರು 40 ಕಿ.ಮೀ., 65 ಎಂದರೆ ಸುಮಾರು 105. ಪೊಲೀಸ್ ಕಾರು ಹಿಂದೆ ದೀಪ ಹಾಕಿದರೆ ಬಲಕ್ಕೆ ಸರಿದು ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕೈ ಸ್ಟೇರಿಂಗ್ ಮೇಲೆ ಕಾಣುವಂತಿಡಿ. ಊರಿನಂತೆ ಕಾಗದಪತ್ರ ಹಿಡಿದು ಇಳಿದು ಅವರ ಬಳಿ ನಡೆದುಹೋಗಬೇಡಿ. ಡ್ಯಾಶ್‌ಬೋರ್ಡಿಗೆ ಕೈ ಹಾಕುವ ಮೊದಲು ಹೇಳಿ. ಅಲ್ಲಿ ಬಂದೂಕು ಸಾಮಾನ್ಯ, ಪೊಲೀಸರು ಕೈಗಳನ್ನೇ ನೋಡುತ್ತಿರುತ್ತಾರೆ.

ಮೈಸೂರು ಸೀಮೆಯ ಚಳಿ ಕಂಡವರಿಗೆ ಅತ್ಯಂತ ಅಪರಿಚಿತವಾದದ್ದು ಹಿಮ. ಹೆದರಬೇಕಾದದ್ದು ಬಿಳಿಯಾಗಿ ಕಾಣುವ ಹಿಮಕ್ಕಿಂತ, ರಸ್ತೆಯ ಬಣ್ಣವೇ ಕಾಣುವ ತೆಳು ಮಂಜುಗಡ್ಡೆಗೆ. ಅದು ಮೊದಲು ಕಟ್ಟುವುದು ಸೇತುವೆಗಳ ಮೇಲೆ, ಏಕೆಂದರೆ ಸೇತುವೆಗೆ ತಣ್ಣನೆ ಗಾಳಿ ಕೆಳಗಿನಿಂದಲೂ ತಗಲುತ್ತದೆ. ಒಣ ರಸ್ತೆಯಲ್ಲಿ ಮುಂದಿನ ಕಾರಿಗೆ 3-4 ಸೆಕೆಂಡಿನ ಅಂತರ ಸಾಕಾದರೆ ಹಿಮದಲ್ಲಿ 8-10 ಬೇಕು. ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇರುವ ಕಾರಿನಲ್ಲಿ, ಜಾರುವ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಪೆಡಲು ಕಾಲಡಿ ಗಡಗಡ ಅದುರುತ್ತದೆ. ಹೆದರಿ ಕಾಲು ತೆಗೆಯಬೇಡಿ, ಬಿಟ್ಟುಬಿಟ್ಟು ಒತ್ತಲೂ ಬೇಡಿ, ಗಟ್ಟಿಯಾಗಿ ಒತ್ತಿ ಹಿಡಿದು, ಹೋಗಬೇಕಾದ ಕಡೆ ನೋಡುತ್ತಾ ಸ್ಟೇರಿಂಗ್ ತಿರುಗಿಸಿ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಸಾಮಾನ್ಯ ಟೈರಿನ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಮೂರು ಶಿಖರದ ಬೆಟ್ಟದ ಚಿತ್ರದೊಳಗೆ ಹಿಮದ ಹರಳಿನ ಗುರುತಿರುವ ಚಳಿಗಾಲದ ಟೈರನ್ನು ನಾಲ್ಕೂ ಚಕ್ರಕ್ಕೆ ಹಾಕಿಸಿ. ಗಾಳಿಯ ಒತ್ತಡವೂ ಇಳಿಯುತ್ತದೆ, ಸುಮಾರು 5-6 ಡಿಗ್ರಿ ತಗ್ಗಿದಾಗೆಲ್ಲ ಒಂದು ಪಿಎಸ್‌ಐನಂತೆ.

ವೈಪರ್ ಟ್ಯಾಂಕಿಗೆ ಬರೀ ನೀರು ಹಾಕುವ ನಮ್ಮ ಅಭ್ಯಾಸ ಅಲ್ಲಿ ಪೈಪು ಒಡೆಸುತ್ತದೆ. ಚಳಿಗಾಲದ ದ್ರಾವಣವೇ ಬೇಕು. ಗಾಜಿನ ಮೇಲಿನ ಗಡ್ಡೆ ಕರಗಿಸಲು ಬಿಸಿನೀರು ಸುರಿದರೆ ಗಾಜೇ ಸೀಳಬಹುದು. ಕಾರಿನ ತಲೆಯ ಮೇಲಿನ ಹಿಮವನ್ನೂ ಗುಡಿಸಿ, ಇಲ್ಲದಿದ್ದರೆ ಮೊದಲ ಬ್ರೇಕಿಗೇ ಅದು ಜಾರಿ ಮುಂದಿನ ಗಾಜು ಮುಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯ, ಎಂಜಿನ್ ಚಾಲೂ ಮಾಡುವ ಮೊದಲು ಸೈಲೆನ್ಸರ್ ಕೊಳವೆಯ ಬಾಯಿ ಬಿಡಿಸಿ. ಹಿಮ ಮುಚ್ಚಿದ್ದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಕಾರಿನೊಳಕ್ಕೆ ಬರಬಹುದು, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಕಾರಿಗೆ ಕಾರು ತಗಲಿದರೆ ಬಿಟ್ಟುಹೋಗುವಂತಿಲ್ಲ, ಅದು ಅಪರಾಧ. ಗಾಯವಾಗಿದ್ದರೆ ತುರ್ತು ನಂಬರ್ 911ಕ್ಕೆ ಕರೆ ಮಾಡಿ. ಇಲ್ಲದಿದ್ದರೆ ಕಾರನ್ನು ಅಂಚಿಗೆ ತಂದು, ಎರಡೂ ಕಾರಿನ, ನಂಬರಿನ, ಜಾಗದ ಫೋಟೊ ತೆಗೆದು, ಹೆಸರು ಮತ್ತು ವಿಮೆಯ ವಿವರ ಕೊಟ್ಟು ಪಡೆದುಕೊಳ್ಳಿ. ಸ್ಥಳದಲ್ಲೇ ದುಡ್ಡು ಕೊಟ್ಟು ಮುಗಿಸಲು ಹೋಗಬೇಡಿ; ನೋವಿದೆ, ಚಿಕಿತ್ಸೆ ಬೇಕು ಎಂಬ ಬೇಡಿಕೆ ಆಮೇಲೂ ಬರಬಹುದು. ನಿಂತ ಕಾರಿಗೆ ಉಜ್ಜಿ, ಮಾಲೀಕರು ಸಿಗದಿದ್ದರೆ ಹೆಸರು, ಫೋನ್ ನಂಬರ್ ಬರೆದು ವೈಪರಿಗೆ ಸಿಕ್ಕಿಸಿ. ವಿಮೆ ಕೊಳ್ಳುವಾಗ ಕಾನೂನು ಕೇಳುವ ಕನಿಷ್ಠ ಮೊತ್ತಕ್ಕೇ ನಿಲ್ಲಬೇಡಿ, ಅಲ್ಲಿನ ಆಸ್ಪತ್ರೆ ಖರ್ಚಿಗೆ ಅದು ಸಾಲುವುದಿಲ್ಲ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಹೊರಡುವ ಮೊದಲೇ ಮೈಸೂರು ಅಥವಾ ಮಂಡ್ಯದ ಆರ್‌ಟಿಒದಲ್ಲಿ, ಫಾರಂ 4ಎ ತುಂಬಿ, ಮಾಡಿಸಿಕೊಳ್ಳಿ. ಶುಲ್ಕ 1,000 ರೂಪಾಯಿ, ಅವಧಿ ಹೆಚ್ಚೆಂದರೆ ಒಂದು ವರ್ಷ. ಅದು ನಿಮ್ಮ ಮೂಲ ಡಿಎಲ್ ಜೊತೆಗಿದ್ದರಷ್ಟೇ ಬೆಲೆ. ನೆಲೆಸಿದ ಮೇಲೆ ಆಯಾ ರಾಜ್ಯದ ಲೈಸೆನ್ಸನ್ನೇ ಪಡೆಯಬೇಕು: ಕ್ಯಾಲಿಫೋರ್ನಿಯದಲ್ಲಿ 10 ದಿನದೊಳಗೆ, ನ್ಯೂಯಾರ್ಕ್‌ನಲ್ಲಿ 30, ಟೆಕ್ಸಸ್‌ನಲ್ಲಿ 90.

ಮೊಮ್ಮಗುವನ್ನು ನೋಡಲು ಊರಿನಿಂದ ಬರುವ ಅಪ್ಪ ಅಮ್ಮ ಕಾರು ಓಡಿಸುವುದಿಲ್ಲ ನಿಜ, ಆದರೆ ಸಂಜೆ ವಾಕಿಂಗ್ ಹೋಗುತ್ತಾರೆ. ರಸ್ತೆ ದಾಟುವಾಗ ಅವರು ರೂಢಿಯಂತೆ ಮೊದಲು ಬಲಕ್ಕೆ ನೋಡಿ ಕಾಲಿಡುತ್ತಾರೆ, ಹತ್ತಿರದ ಕಾರು ಬರುವುದು ಎಡದಿಂದ. ಬಂದ ಮೊದಲ ದಿನವೇ ಜೊತೆಗೆ ಹೋಗಿ, ಕಂಬದ ಗುಂಡಿ ಒತ್ತಿ ನಡೆಯುವ ಮನುಷ್ಯನ ಚಿತ್ರ ಬೆಳಗುವವರೆಗೆ ಕಾಯುವುದನ್ನು, ಫುಟ್‌ಪಾತ್ ಇಲ್ಲದಲ್ಲಿ ವಾಹನಗಳಿಗೆ ಎದುರಾಗಿ ರಸ್ತೆಯ ಎಡಬದಿಯಲ್ಲೇ ನಡೆಯುವುದನ್ನು ತೋರಿಸಿಕೊಡಿ.