ಲೋಕ ಕೆಟ್ಟರೆ ಊರಿಗೆ ಬರುವವರಿಗೆ

ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಈಗೀಗ ಫೋನ್ ಮಾಡಿದಾಗೆಲ್ಲ ಒಂದೇ ಮಾತು. "ಅತ್ತೆ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾವು ಸೀದಾ ಅಲ್ಲಿಗೇ ಬರೋದು. ನಿಮ್ಮಲ್ಲಿ ಅಕ್ಕಿ ಇದೆ, ಕಾಡಿದೆ, ದೋಣಿನೂ ಇದೆ." ಯುದ್ಧ ಆಗಬಹುದು, ಕರೆಂಟು ಹೋಗಿ ಬ್ಯಾಂಕ್ ನಿಲ್ಲಬಹುದು, ಇನ್ನೊಂದು ಕೊರೊನಾ ಬರಬಹುದು ಅಂತಾನೆ. ನಾನು ಅವನ ಮಾತನ್ನು ತಳ್ಳಿಹಾಕುವುದಿಲ್ಲ. 2020ರ ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಹೇಳಿ, ಹನ್ನೆರಡಕ್ಕೆ ಇಡೀ ದೇಶದ ಬಾಗಿಲು ಹಾಕಿದ್ದನ್ನು ಕಂಡವರು ನಾವು. ಬಾ ಅಂತಲೇ ಹೇಳಿದ್ದೇನೆ. ಆದರೆ ಇಲ್ಲಿ ಏನಿದೆ, ಏನಿಲ್ಲ ಅಂತ ಅವನಿಗೆ ಮೊದಲೇ ಗೊತ್ತಿರಬೇಕು. ಊರು ಬಿಟ್ಟು ಹೋಗಿ, ಕಷ್ಟಕಾಲಕ್ಕೆ ಊರೇ ಗತಿ ಅಂದುಕೊಂಡಿರುವವರು ಅವನೊಬ್ಬನೇ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಸಾಗರ ತಾಲೂಕು, ತುಮರಿ ಕಡೆ. ಶರಾವತಿ ಹಿನ್ನೀರಿನ ಆಚೆ ದಡ. ಮನೆಯ ಮುಂದಿನ ಕೋಣೆಯಲ್ಲೇ ದಿನಸಿ ಅಂಗಡಿ. ಯಾರ ಮನೆಯಲ್ಲಿ ಎಷ್ಟು ಅಕ್ಕಿ ಬೇಯುತ್ತದೆ, ಯಾರು ತಿಂಗಳ ಸಾಮಾನು ಒಟ್ಟಿಗೆ ಒಯ್ಯುತ್ತಾರೆ, ಯಾರು ಸಂಜೆಯ ಸಾರಿಗೆ ಸಂಜೆಯೇ ಬೇಳೆ ಕಟ್ಟಿಸುತ್ತಾರೆ ಅನ್ನುವುದು ಅಂಗಡಿಯಲ್ಲಿ ಕೂತವರಿಗೆ ಗೊತ್ತಾಗದೆ ಇರುವುದಿಲ್ಲ.

ಮೊದಲು ಅಕ್ಕಿ ವಿಷಯ. ಮಲೆನಾಡಿನಲ್ಲಿ ಅನ್ನಕ್ಕೇನು ಬರ ಅಂತ ಹೊರಗಿನವರು ತಿಳಿದಿದ್ದಾರೆ. ನಾನು ಮಾರುವ ಅಕ್ಕಿ ಗಂಗಾವತಿ ಕಡೆಯದು, ದಾವಣಗೆರೆ ಕಡೆಯದು. ರೇಷನ್ ಅಕ್ಕಿ ಇನ್ನೂ ದೂರದ್ದು. ನಮ್ಮ ಸುತ್ತ ಗದ್ದೆಗಳೆಲ್ಲ ಒಂದೊಂದಾಗಿ ತೋಟ ಆದವು. ಅಡಿಕೆಯ ರೇಟು ನೋಡಿದರೆ, ಕೂಲಿಗೆ ಜನ ಸಿಗದಿರುವುದನ್ನು ನೋಡಿದರೆ, ಭತ್ತ ಬೆಳೀರಿ ಅಂತ ಯಾರಿಗೂ ಹೇಳುವ ಹಾಗಿಲ್ಲ. ಆದರೆ ಲಾರಿ ನಿಂತರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿ. ದೊಡ್ಡವರೊಬ್ಬರಿಗೆ ದಿನಕ್ಕೆ 400 ಗ್ರಾಂ ಅಕ್ಕಿ ಅಂತ ಇಟ್ಟುಕೊಂಡರೆ ಐದು ಜನರ ಮನೆಗೆ ತಿಂಗಳಿಗೆ 60 ಕೆಜಿ. ಮಳೆಗಾಲದ ನಾಲ್ಕು ತಿಂಗಳಿಗೆ 240 ಕೆಜಿ, ಅಂದರೆ 25 ಕೆಜಿಯ ಹತ್ತು ಮೂಟೆ. ಅಷ್ಟು ಅಕ್ಕಿ ಒಟ್ಟಿಗೆ ಇಟ್ಟಿರುವ ಮನೆ ಈಗ ಊರಲ್ಲಿ ತೀರಾ ಕಡಿಮೆ. ಅಂಗಡಿ ಗೋದಾಮಿನಲ್ಲಿರುವುದು ಊರಿಗೆಲ್ಲ ಹಂಚಿದರೆ ಒಂದು ವಾರವೂ ಬರುವುದಿಲ್ಲ. ಬೆಂಗಳೂರಿಂದ ಮನೆಗೆ ನಾಲ್ಕು ಜನ ಬಂದರೆ ಅದೂ ಅರ್ಧ.

ಮೊದಲು ಹೀಗಿರಲಿಲ್ಲ. ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಎಲ್ಲ ಮನೆಯೂ ತುಂಬಿರಬೇಕಿತ್ತು. ಕಣಜದಲ್ಲಿ ಭತ್ತ, ಅಟ್ಟದ ಮೇಲೆ ಹಪ್ಪಳ ಸಂಡಿಗೆ, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ, ಡಬ್ಬದಲ್ಲಿ ಜೋನಿ ಬೆಲ್ಲ, ಒಣಗಿಸಿದ ಮುರುಗಲು ಸಿಪ್ಪೆ, ಒಣ ಮೀನು, ಕೊಟ್ಟಿಗೆಯ ಪಕ್ಕ ಸೂರು ಮುಟ್ಟುವಷ್ಟು ಸೌದೆ. ಸೌತೆಕಾಯಿಯನ್ನು ಬಾಳೆ ಪಟ್ಟೆಯಲ್ಲಿ ಕಟ್ಟಿ ತೊಲೆಗೆ ನೇತುಹಾಕುತ್ತಿದ್ದರು. ನಮ್ಮತ್ತೆ ಹಲಸಿನ ಬೇಳೆ ಇಡುವುದನ್ನು ನಾನು ಕೂತು ನೋಡಿ ಕಲಿತಿದ್ದೇನೆ. ಬೇಳೆಯನ್ನು ತೊಳೆದು, ನೆರಳಲ್ಲಿ ಆರಿಸಿ, ಕೆಮ್ಮಣ್ಣನ್ನು ಗಟ್ಟಿಯಾಗಿ ಕಲಸಿ ಅದರಲ್ಲಿ ಹೊರಳಿಸುತ್ತಾರೆ. ಒಂದೊಂದು ಬೇಳೆಯ ಮೈಗೂ ಮಣ್ಣು ಹತ್ತಬೇಕು. ಆಮೇಲೆ ಒಣಗಿಸಿ ಒಲೆಯ ಹಿಂದಿನ ಮೂಲೆಯಲ್ಲಿ ರಾಶಿ ಹಾಕುವುದು. ಆಷಾಢದಲ್ಲಿ ತೆಗೆದು ತೊಳೆದರೆ ಹುಳ ಇರುವುದಿಲ್ಲ, ಮೊಳಕೆ ಬಂದಿರುವುದಿಲ್ಲ. ಮುರಿದರೆ ಒಳಗೆ ಬಿಳಿ ಹಾಗೇ ಇರುತ್ತದೆ. ಫ್ರಿಜ್ ಬೇಡ, ಕರೆಂಟ್ ಬೇಡ. ಇದನ್ನು ಯಾರೂ ತಯಾರಿ ಅನ್ನುತ್ತಿರಲಿಲ್ಲ. ಮಳೆಗಾಲದ ಕೆಲಸ ಅನ್ನುತ್ತಿದ್ದರು, ಅಷ್ಟೇ.

2025ರ ಜುಲೈ 14ಕ್ಕೆ ಅಂಬಾರಗೋಡ್ಲು ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ನೀರಿನ ಮೇಲೆ ಎರಡು ಕಿಲೋಮೀಟರ್‌ಗೂ ಜಾಸ್ತಿ ಉದ್ದ. ಅದು ಬಂದಿದ್ದಕ್ಕೆ ನನಗಾದಷ್ಟು ಸಂತೋಷ ಯಾರಿಗೂ ಆಗಿರಲಿಕ್ಕಿಲ್ಲ. ರಾತ್ರಿ ಹಿನ್ನೀರು ದಾಟಿಸುವ ಲಾಂಚ್ ಇಲ್ಲದೆ, ಹೆರಿಗೆ ನೋವು ತಿನ್ನುತ್ತಿದ್ದವರನ್ನು ಸುತ್ತು ದಾರಿಯಲ್ಲಿ ಕರೆದುಕೊಂಡು ಹೋಗುವ ಸಂಕಟ ಎಂಥದ್ದು ಅಂತ ಈ ದಡದ ಹೆಂಗಸರಿಗೆ ಗೊತ್ತು. ಆದರೆ ಅಂಗಡಿಯಲ್ಲಿ ಒಂದು ಬದಲಾವಣೆ ಕಾಣುತ್ತಿದೆ. ಮಳೆಗಾಲಕ್ಕೆ ಅಂತ ಮೂಟೆಗಟ್ಟಲೆ ಒಯ್ಯುತ್ತಿದ್ದವರು ಈಗ ಐದೈದು ಕೆಜಿ ಕಟ್ಟಿಸುತ್ತಾರೆ. "ಸಾಗರ ಈಗ ಹತ್ತಿರ ಅಲ್ವಾ?" ಅಂತಾರೆ. ನಾನೂ ಮೊದಲಿನಷ್ಟು ತರಿಸುವುದಿಲ್ಲ, ಹೋಗುವುದಿಲ್ಲ. ದ್ವೀಪದ ಹಾಗೆ ಬದುಕಿದ ಅಷ್ಟು ವರ್ಷ ನಮಗೆ ಕಷ್ಟವನ್ನೂ ಕೊಟ್ಟಿತು, ಒಂದು ಒಳ್ಳೆ ರೂಢಿಯನ್ನೂ ಕೊಟ್ಟಿತು. ಕಷ್ಟ ಹೋಯಿತು, ಒಳ್ಳೆಯದಾಯಿತು. ರೂಢಿಯೂ ಅದರ ಜೊತೆಗೇ ಹೋಗಬಾರದು ಅನ್ನುವುದು ನನ್ನ ಹಟ.

ಸ್ವೀಡನ್ ಸರ್ಕಾರ 2018ರಲ್ಲಿ, ಮತ್ತೆ 2024ರಲ್ಲಿ ಮನೆಮನೆಗೂ ಒಂದು ಪುಸ್ತಿಕೆ ಹಂಚಿತು. 2024ರದ್ದರಲ್ಲಿ ಹೇಳಿದ್ದು, ಕಷ್ಟ ಬಂದರೆ ಒಂದು ವಾರ ಯಾರ ನೆರವೂ ಇಲ್ಲದೆ ಇರುವಷ್ಟು ನೀರು, ಊಟ, ಬೆಳಕು ಮನೆಯಲ್ಲಿರಲಿ ಅಂತ. 2025ರ ಮಾರ್ಚಿನಲ್ಲಿ ಯುರೋಪ್ ಒಕ್ಕೂಟದವರು 72 ಗಂಟೆ ಅಂದರು. ಅಷ್ಟು ಅನುಕೂಲ ಇರುವವರೇ ಹೇಳಿಸಿಕೊಂಡು ಮಾಡುತ್ತಿರುವುದನ್ನು ನಮ್ಮ ಅಜ್ಜಿಯರು ನಾಲ್ಕು ತಿಂಗಳಿಗೆ ಮಾಡುತ್ತಿದ್ದರು.

ಇಲ್ಲಿ ಆಗದ ವಸ್ತು ಯಾವುದು ಅಂತ ಮೊದಲು ಯೋಚಿಸಬೇಕು. ನೀರು ನಮಗಿದೆ. ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ, ಮೋಟರ್ ಬೇಡ. ಹಲಸು, ಬಾಳೆ, ಕೆಸು, ಸುವರ್ಣಗೆಡ್ಡೆ ಇವೆ. ಬರಗಾಲದಲ್ಲಿ ಬೈನೆ ಮರದ ತಿರುಳಿನಿಂದ ಹಿಟ್ಟು ತೆಗೆದು ಉಂಡವರ ಊರು ಇದು. ಆದರೆ ಉಪ್ಪು ಇಲ್ಲಿ ಆಗುವುದಿಲ್ಲ. ಅದು ಕರಾವಳಿಯಿಂದ ಘಟ್ಟ ಹತ್ತಿ ಬರಬೇಕು. ಗೋಕರ್ಣದ ಹತ್ತಿರ ಸಾಣಿಕಟ್ಟದಲ್ಲಿ ಈಗಲೂ ಸಮುದ್ರದ ನೀರು ಕಟ್ಟಿ ಉಪ್ಪು ಮಾಡುತ್ತಾರೆ. ಉಪ್ಪು ಕೆಡುವುದಿಲ್ಲ, ದುಬಾರಿಯೂ ಅಲ್ಲ. ಒಂದು ವರ್ಷದ ಕಲ್ಲುಪ್ಪು ಮನೆಯಲ್ಲಿರಲಿ ಅಂತ ನಾನು ಗಿರಾಕಿಗಳಿಗೆ ಹೇಳುವುದು ವ್ಯಾಪಾರಕ್ಕಲ್ಲ. ಬೆಂಕಿಪೊಟ್ಟಣ, ಸೂಜಿ ದಾರ, ಕತ್ತಿ, ಬ್ಯಾಟರಿ, ಕನ್ನಡಕ ಇವೂ ಹಾಗೇ.

ಔಷಧಿ ಎಲ್ಲಕ್ಕಿಂತ ದೊಡ್ಡ ಚಿಂತೆ. ನಮ್ಮ ಕೇರಿಯಲ್ಲಿ ಬಿಪಿ, ಶುಗರ್ ಇಲ್ಲದ ಮನೆ ಹುಡುಕಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದಾರೆ. ಇನ್ನೂ ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಕರೆಂಟು ಹೋದರೆ ಒಂದು ಮಡಕೆಯೊಳಗೆ ಇನ್ನೊಂದು ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ ತಂಪು ಮಾಡಬಹುದು. ಅದು ಫ್ರಿಜ್ ಆಗುವುದಿಲ್ಲ, ಬಿಸಿಲಿನ ಝಳದಿಂದ ಕಾಪಾಡುತ್ತದೆ ಅಷ್ಟೇ. ಮಳೆಗಾಲದ ಥಂಡಿಯಲ್ಲಿ ಮರಳಿನ ನೀರು ಆರುವುದೂ ಕಡಿಮೆ, ತಂಪೂ ಕಡಿಮೆ. ಯಾರಿಗೆ ಯಾವ ಮಾತ್ರೆ, ಎಷ್ಟು ದಿನಕ್ಕಿದೆ ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳೋಣ ಅಂತ ಸಂಘದ ಸಭೆಯಲ್ಲಿ ಹೇಳಿದ್ದೇನೆ. ಒಪ್ಪಿದ್ದಾರೆ.

ಕರೆಂಟಿನದ್ದೂ ಒಂದು ಮಾತು. 2012ರ ಜುಲೈ 30ಕ್ಕೆ ಉತ್ತರ ಭಾರತದ ಗ್ರಿಡ್, ಅಂದರೆ ಕರೆಂಟು ಹಂಚುವ ದೊಡ್ಡ ಜಾಲ, ಕುಸಿಯಿತು; 31ಕ್ಕೆ ಅದರ ಜೊತೆ ಪೂರ್ವದ, ಈಶಾನ್ಯದ ಗ್ರಿಡ್‌ಗಳೂ ಕುಸಿದು, ಸುಮಾರು 60 ಕೋಟಿ ಜನರಿರುವ ಸೀಮೆ ಕತ್ತಲಾಯಿತು. ದಕ್ಷಿಣದ ಗ್ರಿಡ್ ಆಗ ಬೇರೆ ಇತ್ತು, ನಮಗೆ ತಟ್ಟಲಿಲ್ಲ. 2013ರ ಕೊನೆಗೆ ರಾಯಚೂರು ಸೊಲ್ಲಾಪುರ ಲೈನ್ ಎಳೆದು ಅದನ್ನೂ ಸೇರಿಸಿದರು. ಈಗ ದೇಶಕ್ಕೆಲ್ಲ ಒಂದೇ ಗ್ರಿಡ್. ಹಾಗೆ ನಿಂತರೆ ಮೊದಲು ಎಬ್ಬಿಸುವುದು ನೀರಿನ ಟರ್ಬೈನುಗಳನ್ನು, ನಮ್ಮ ಶರಾವತಿಯಂಥವನ್ನು. ಹಾಗಂತ ಮೊದಲ ಕರೆಂಟು ನಮ್ಮ ಕಂಬಕ್ಕೇ ಬರುತ್ತದೆ ಅಂತ ಕಾಯುವ ಹಾಗಿಲ್ಲ. ಮಲೆನಾಡಿನಲ್ಲಿ ಎಷ್ಟೋ ಮನೆಗಳವರು ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಕೂರಿಸಿಕೊಂಡಿದ್ದಾರೆ. ನೀರು ಇಳಿಯುವವರೆಗೆ ಬಲ್ಬಿಗೆ, ಫೋನಿಗೆ ತೊಂದರೆ ಇಲ್ಲ. ಊರಿಗೆ ಅಂಥದ್ದು ಒಂದಾದರೂ ಇರಲಿ.

ಇನ್ನು ದೋಣಿ. ಹುಡುಗನ ತಲೆಯಲ್ಲಿ ಇರುವುದು ಇದೇ. ಎಲ್ಲ ಮುಗಿದು ಹೋಯಿತು ಅನ್ನುವಾಗ ದೋಣಿ ಹತ್ತಿ, ಹೊಳೆಗುಂಟ ಹೋಗಿ ಸಮುದ್ರ ಸೇರುವುದು. ಮಗಾ, ಆ ದಾರಿ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಆಯಿತು. ಅದರ ಕೆಳಗೆ ಜೋಗ, 253 ಮೀಟರ್ ಧುಮುಕು. ಅದರ ಕೆಳಗೆ ಗೇರುಸೊಪ್ಪೆಯಲ್ಲಿ ಇನ್ನೊಂದು ಕಟ್ಟೆ. ಅಲ್ಲಿಂದಾಚೆಗೆ ಹೊನ್ನಾವರದವರೆಗೆ ಮಾತ್ರ ದೋಣಿ ಸೀದಾ ಹೋಗುತ್ತದೆ. ನಮ್ಮ ದೋಣಿ ಓಡಾಡುವುದು ಹಿನ್ನೀರಿನೊಳಗೆ, 300 ಚದರ ಕಿಲೋಮೀಟರ್‌ಗಿಂತ ಜಾಸ್ತಿ ನೀರಿದೆ, ಆದರೆ ಬಾಗಿಲಿಲ್ಲ.

ಆ ನೀರೂ ವರ್ಷವಿಡೀ ಒಂದೇ ಥರ ಇರುವುದಿಲ್ಲ. ಮೇ ತಿಂಗಳಲ್ಲಿ ನೀರು ಇಳಿದು ದೂರ ಹೋಗುತ್ತದೆ. ದೋಣಿ ಕೆಸರಲ್ಲಿ ಕೂರುತ್ತದೆ. ಹಿನ್ನೀರಿನಲ್ಲಿ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟು ಮೇಲೆ ಕಾಣುವಷ್ಟು ಇಳಿದ ವರ್ಷಗಳಿವೆ. ಜುಲೈಯಲ್ಲಿ ಗಾಳಿ, ಅಲೆ, ನಡುನೀರಿನಲ್ಲಿ ಮಂಜು. ಎಲ್ಲಕ್ಕಿಂತ ಅಪಾಯ ಕೊರಡುಗಳದ್ದು. ಮುಳುಗಿದ ಕಾಡಿನ ಮರಗಳು ಈಗಲೂ ನೀರೊಳಗೆ ನಿಂತಿವೆ. ಮೇಲಿಂದ ಏನೂ ಕಾಣದು. ತಳಕ್ಕೆ ತಾಗಿ ಗರ್ ಅಂದಾಗಲೇ ಗೊತ್ತಾಗುವುದು. ಇಲ್ಲಿ ದೋಣಿ ನಡೆಸುವವರು ಅದಕ್ಕೇ ದಾರಿಯನ್ನು ಗುಡ್ಡದ ಗುರುತು ಹಿಡಿದು ನೆನಪಿಟ್ಟುಕೊಂಡಿರುತ್ತಾರೆ. ಆ ಮತ್ತಿ ಮರ ಈ ಬೋಳುಗುಡ್ಡದ ಮೂಗಿಗೆ ಬರುವವರೆಗೆ ಎಡಕ್ಕೆ, ಆಮೇಲೆ ನೇರ, ಹೀಗೆ. ಫೋನಿನ ಮ್ಯಾಪಿನಲ್ಲಿ ಬರೀ ನೀಲಿ ಬಣ್ಣ ಇದೆ.

ಮೋಟರ್ ಇದ್ದರೂ ಪೆಟ್ರೋಲ್ ಜಾಸ್ತಿ ಕಾಲ ಇಡಲಿಕ್ಕಾಗುವುದಿಲ್ಲ. ಎಥನಾಲ್ ಬೆರೆಸಿದ್ದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಕೆಲವು ತಿಂಗಳಲ್ಲಿ ಕೆಡುತ್ತದೆ. ಕೊನೆಗೆ ಉಳಿಯುವುದು ಹುಟ್ಟು ಮತ್ತು ರಟ್ಟೆ. ಹುಟ್ಟು ಹಾಕುವುದು ಬರೀ ಶಕ್ತಿಯ ಕೆಲಸ ಅಂತ ಹೊಸಬರು ತಿಳಿಯುತ್ತಾರೆ. ನೀರಿಗೆ ಆಳವಾಗಿ ಚುಚ್ಚಿ ಜಗ್ಗುತ್ತಾರೆ, ದೋಣಿ ಬುಗುರಿ ಹಾಗೆ ತಿರುಗುತ್ತದೆ. ಹಲಗೆ ಮುಳುಗುವಷ್ಟೇ ಇಳಿಸಬೇಕು. ಸೊಂಟದಿಂದ ಎಳೆಯಬೇಕು. ಎಳೆದು ಮುಗಿಯುವಾಗ ಮಣಿಕಟ್ಟು ಸ್ವಲ್ಪ ತಿರುವಬೇಕು, ಆಗ ಮೂತಿ ನೇರ ನಿಲ್ಲುತ್ತದೆ. ಎದುರುಗಾಳಿ ಇದ್ದರೆ ದಡ ಬಿಡಬಾರದು.

ಹಾಗಾದರೆ ದೋಣಿ ಯಾತಕ್ಕೆ? ಈ ದಡದ ರೋಗಿಯನ್ನು ಆ ದಡದ ಡಾಕ್ಟರ ಹತ್ತಿರ ಮುಟ್ಟಿಸಲಿಕ್ಕೆ. ಭತ್ತ ಇರುವ ಕಡೆಯಿಂದ ಇಲ್ಲದ ಕಡೆಗೆ ತರಲಿಕ್ಕೆ. ಡೀಸೆಲ್ ಇಲ್ಲದೆ ಬಸ್ಸು ನಿಂತರೂ ಹಿನ್ನೀರಿನ ಸುತ್ತಲ ಹಳ್ಳಿಗಳು ಒಂದಕ್ಕೊಂದು ಸಿಗುವ ಹಾಗೆ ಇಡುವುದು ಅದೇ.

ನಿಜವಾಗಿ ದೋಣಿ ಹತ್ತಿ ಓಡಿದವರನ್ನು ನಮ್ಮ ಕಾಲದಲ್ಲೇ ಕಂಡೆವು. 2022ರ ಮಾರ್ಚಿನಲ್ಲಿ ಶ್ರೀಲಂಕಾದಲ್ಲಿ ಅಕ್ಕಿ, ಹಾಲಿನ ಪುಡಿ, ಸೀಮೆಎಣ್ಣೆ ಕೈಗೆ ಸಿಗದಂತಾದಾಗ ಕೆಲವು ತಮಿಳು ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಧನುಷ್ಕೋಡಿ ಕಡೆಗೆ ಬಂದವು. ತಲೈಮನ್ನಾರ್‌ನಿಂದ ಅಲ್ಲಿಗೆ ಹೆಚ್ಚುಕಡಿಮೆ 30 ಕಿಲೋಮೀಟರ್. ದುಡ್ಡು ತೆಗೆದುಕೊಂಡ ದೋಣಿಯವರು ಒಂದು ಗುಂಪನ್ನು ನಡುವಿನ ಮರಳುದಿಬ್ಬದ ಮೇಲೆ ಇಳಿಸಿ ಹೋದರು. ಮಕ್ಕಳ ಸಮೇತ ಬಿಸಿಲಲ್ಲಿ ನಿಂತವರನ್ನು ಕರಾವಳಿ ಕಾವಲು ಪಡೆ ಕರೆತಂದಿತು. ಆ ಸುದ್ದಿ ಓದಿ ನನಗೆ ಊಟ ಸೇರಲಿಲ್ಲ. ಅವರು ಸುಮ್ನೆ ಎಲ್ಲಿಗೋ ಹೋಗಲಿಲ್ಲ, ತಮ್ಮ ಭಾಷೆ ಆಡುವ ದಡಕ್ಕೆ ಹೋದರು. ದೋಣಿ ಹತ್ತುವವರಿಗೆ ಆಚೆ ದಡದಲ್ಲಿ ಕೈ ಹಿಡಿಯುವವರು ಬೇಕು.

ನಮ್ಮತ್ತೆಯ ತವರು ಇದೇ ನೀರಿನ ಅಡಿಗೆ ಹೋದ ಊರು. ನೀರು ಏರುವಾಗ ಜನ ಬಾಗಿಲು, ದಾರಂದ, ತೊಲೆ ಬಿಚ್ಚಿಕೊಂಡು ಹೊರಟರಂತೆ. ದನ ಹೊಡೆದುಕೊಂಡು, ಬೀಜದ ಭತ್ತ ಹೊತ್ತುಕೊಂಡು. ಶರಾವತಿ ಮುಳುಗಡೆಯವರು ಜಿಲ್ಲೆಯ ಬೇರೆ ಬೇರೆ ಕಾಡಿನಲ್ಲಿ ನೆಲೆ ನಿಂತು, ಅಷ್ಟು ವರ್ಷವಾದರೂ ಭೂಮಿಯ ಹಕ್ಕಿಗೆ ಅಲೆಯುತ್ತಿದ್ದಾರೆ. ಲೋಕ ಮುಳುಗುವುದು ಹೇಗಿರುತ್ತದೆ ಅಂತ ವಿಡಿಯೋ ನೋಡಬೇಕಿಲ್ಲ, ಇಂಥ ಹಿರಿಯರ ಹತ್ತಿರ ಕೂತು ಕೇಳಬೇಕು. ಒಂದೇ ಊರಿನವರು ಒಟ್ಟಿಗೆ ಹೋಗಿ ನಿಂತ ಕಡೆ ಬದುಕು ಬೇಗ ಕಟ್ಟಿಕೊಂಡಿತು ಅಂತ ಅತ್ತೆ ಹೇಳುತ್ತಿದ್ದರು.

ಕಾಡಿಗೆ ಓಡುತ್ತೇನೆ ಅನ್ನುವವರಿಗೂ ಹೇಳಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡಿದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಅರಳಗೋಡಿನ ಕಡೆ ಅದು ಜೀವಗಳನ್ನು ತೆಗೆಯಿತು. ಉಣುಗು ಕಚ್ಚಿ ಬರುವ ಜ್ವರ ಅದು. ಚಳಿಗಾಲದಿಂದ ಬೇಸಿಗೆ ಮುಗಿಯುವವರೆಗೆ ಸೊಪ್ಪು ಸೌದೆಗೆ ಹೋಗುವವರೇ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಅಲ್ಲಿ ಟೆಂಟ್ ಹಾಕಿ ಮಲಗುವ ಮಾತು ಬೇಡ. ಕೋವಿಯ ಮಾತೂ ಬೇಡ. ಕಷ್ಟ ಬಂದಾಗ ಬಾಗಿಲಿಗೆ ಬರುವವರು ಅಕ್ಕಪಕ್ಕದವರೇ, ನಿನ್ನಂಥ ನಮ್ಮ ಮಕ್ಕಳೇ. ಯಾರ ಮೇಲೆ ಹಿಡಿಯುವುದು ಅದನ್ನು?

ನನಗೆ ಆಗಬೇಕೆನಿಸುವುದು ಇಷ್ಟು. ಸುಗ್ಗಿಯಲ್ಲಿ ಮನೆಗೊಂದು ಮೂಟೆ ಭತ್ತ ಒಂದೇ ಕಡೆ ಸೇರಿಸಿಡುವುದು. ಮುಂದಿನ ಸುಗ್ಗಿಗೆ ಹಳೆಯದು ಊಟಕ್ಕೆ, ಹೊಸದು ದಾಸ್ತಾನಿಗೆ. ಅಕ್ಕಿಗಿಂತ ಭತ್ತ ಚೆನ್ನಾಗಿ ಉಳಿಯುತ್ತದೆ, ಬೀಜಕ್ಕೂ ಆಗುತ್ತದೆ. ಮಿಲ್ಲಿಗೆ ಕರೆಂಟು ಇಲ್ಲದಿದ್ದರೆ ಒನಕೆ ಇದೆ, ಕುಟ್ಟಲು ಬರುವ ಹೆಂಗಸರು ಇನ್ನೂ ಇದ್ದಾರೆ. ತೋಟ ಕಡಿಯಿರಿ ಅಂತ ಹೇಳುವುದಿಲ್ಲ. ತೋಟ ಮಾಡಲಾಗದೆ ನೀರು ನಿಂತು ಪಾಳು ಬಿದ್ದಿರುವ ಗದ್ದೆಗಳಿವೆ. ನೆರೆಗುಳಿ, ಕರಿಕಂಟಕದಂಥ ಹಳೆ ತಳಿಗಳು ನೆರೆಯಲ್ಲಿ ದಿನಗಟ್ಟಲೆ ಮುಳುಗಿದರೂ ಏಳುತ್ತವೆ. ಬೀಜ ಇಟ್ಟಿರುವವರು ತಾಲೂಕಿನಲ್ಲಿ ಅಲ್ಲಲ್ಲಿ ಇದ್ದಾರೆ. ಈ ಸಲ ನಾವು ಮೂರು ಮನೆಯವರು ಸೇರಿ ಕೆಳಗಿನ ಜೌಗು ಗದ್ದೆಗೆ ಹಾಕುತ್ತಿದ್ದೇವೆ.

ಮಗಾ, ನೀನು ಬರುವಾಗ ಮೂರು ತಿಂಗಳ ನಿನ್ನ ಔಷಧಿ, ಇನ್ನೊಂದು ಕನ್ನಡಕ, ಗಟ್ಟಿ ಚಪ್ಪಲಿ ತಾ. ಚಿನ್ನ ಬೇಡ. ಕೈಗೊಂದು ಕೆಲಸ ಕಲಿತು ಬಾ, ಮೋಟರ್ ರಿಪೇರಿಯೋ ಗಾಯಕ್ಕೆ ಕಟ್ಟು ಹಾಕುವುದೋ ಯಾವುದಾದರೂ ಸರಿ. ಲೋಕ ಕೆಡುವವರೆಗೆ ಕಾಯಬೇಡ. ದೀಪಾವಳಿ ರಜೆಗೆ ಬಾ. ಆಗ ಹಿನ್ನೀರು ತುಂಬಿರುತ್ತದೆ, ಗಾಳಿ ಇಳಿದಿರುತ್ತದೆ. ಹುಟ್ಟು ಹಾಕುವುದು ನಾನೇ ಕಲಿಸುತ್ತೇನೆ. ಈಜು ಬರದಿದ್ದರೆ ಅದು ಮೊದಲು.