ಬ್ಯಾಣದ ಮೇಲಿಂದ ವಾಸ್ಪ್-43ಬಿ: ಈ ಬೇಸಿಗೆಯ ಪ್ರಗತಿ

ಕೊನೆಗೂ ಒಂದು ಪೂರ್ತಿ ಟ್ರಾನ್ಸಿಟ್ ಸಿಕ್ಕಿತು. ದೂರದ ನಕ್ಷತ್ರವೊಂದನ್ನು ಸುತ್ತುವ ವಾಸ್ಪ್-43ಬಿ ಗ್ರಹ ಆ ನಕ್ಷತ್ರದ ಮುಂದೆ ಹಾದುಹೋಗುವಾಗ (ಇದೇ ಟ್ರಾನ್ಸಿಟ್) ನಕ್ಷತ್ರದ ಬೆಳಕು ಇಳಿದದ್ದು, ತಳದಲ್ಲಿ ನಿಂತದ್ದು, ಮತ್ತೆ ಏರಿದ್ದು ಮೂರೂ ಗ್ರಾಫಿನಲ್ಲಿವೆ. ಇಳಿಕೆ ಶೇ 2.5ರ ಆಸುಪಾಸು. ಪ್ರಕಟವಾದ ಅಳತೆಯೂ ಅದೇ.

ತೀರ್ಥಹಳ್ಳಿ ಕಡೆಯ ನಮ್ಮ ಮನೆ ಅಡಿಕೆ ತೋಟದ ನಡುವೆ ಇದೆ. ಅಂಗಳದಿಂದ ಕಾಣುವ ಆಕಾಶ ಸಾಕಾಗುವುದಿಲ್ಲ. ಅದಕ್ಕೇ 8 ಇಂಚಿನ ಟೆಲಿಸ್ಕೋಪು, ಕ್ಯಾಮೆರಾ, ಹಳೇ ಯುಪಿಎಸ್ ಬ್ಯಾಟರಿ ಎಲ್ಲವನ್ನೂ ಮೇಲಿನ ಬ್ಯಾಣಕ್ಕೆ, ಅಂದರೆ ಗುಡ್ಡದ ಹುಲ್ಲುಗಾವಲಿಗೆ, ಹೊತ್ತೆವು. ಅಲ್ಲಿ ಕಾಟ ಕೊಡುವುದು ಇಬ್ಬನಿ. ನಡುರಾತ್ರಿ ದಾಟಿದರೆ ಮುಂದಿನ ಗಾಜು ಒದ್ದೆಯಾಗುತ್ತದೆ. ಹೀಟರ್ ಪಟ್ಟಿ ಸುತ್ತಿದ ಮೇಲೆ ಪರವಾಗಿಲ್ಲ.

ವಾಸ್ಪ್-43ಬಿಯನ್ನೇ ಆರಿಸಿದ್ದಕ್ಕೂ ಈ ಇಬ್ಬನಿಯೇ ಕಾರಣ. ಇದರ ಟ್ರಾನ್ಸಿಟ್ ಸುಮಾರು 70 ನಿಮಿಷದಲ್ಲಿ ಮುಗಿಯುತ್ತದೆ. ಸುತ್ತು ಹಾಕಲು 19.5 ಗಂಟೆ ಸಾಕು, ಹಾಗಾಗಿ ಅವಕಾಶ ಜಾಸ್ತಿ. ಸಿಂಹ ರಾಶಿಯ ಕೆಳಗಿರುವ ಈ ನಕ್ಷತ್ರ ನಮ್ಮೂರಲ್ಲಿ ಚೆನ್ನಾಗಿ ಮೇಲೆ ಬರುತ್ತದೆ.

ತೆಳು ಮಂಜು ಸುಳಿದರೂ ಗ್ರಾಫ್ ಕೆಡಲಿಲ್ಲ. ಮಂಜು ಚಿತ್ರದೊಳಗಿನ ಎಲ್ಲ ನಕ್ಷತ್ರಗಳನ್ನೂ ಒಟ್ಟಿಗೆ ಮಸುಕು ಮಾಡುತ್ತದೆ, ಗ್ರಹ ಒಂದನ್ನು ಮಾತ್ರ. ನಮ್ಮ ನಕ್ಷತ್ರದ ಬೆಳಕನ್ನು ಅಕ್ಕಪಕ್ಕದವುಗಳ ಬೆಳಕಿನಿಂದ ಭಾಗಿಸಿದರೆ ಮಂಜಿನ ಪಾಲು ಹೋಗಿ ಗ್ರಹದ ಪಾಲು ಉಳಿಯುತ್ತದೆ. ಆಸ್ಟ್ರೋಇಮೇಜ್‌ಜೆ ಎಂಬ ಸಾಫ್ಟ್‌ವೇರ್ ಈ ಲೆಕ್ಕವನ್ನು ಮಾಡಿಕೊಡುತ್ತದೆ. ಹೋಲಿಕೆಗೆ ಒಳ್ಳೆಯ ಅಕ್ಕಪಕ್ಕದ ನಕ್ಷತ್ರಗಳನ್ನು ಆರಿಸುವುದು ಮಾತ್ರ ನಮ್ಮ ಕೆಲಸ, ಅದಕ್ಕೆ ಎಷ್ಟು ಹೊತ್ತು ಕೊಟ್ಟರೂ ದಂಡವಲ್ಲ.

ಈ ಗ್ರಹದಲ್ಲಿ ಯಾರೂ ಬದುಕಲಾರರು. ಹಗಲಿನ ಬದಿ ಸುಮಾರು 1250 ಡಿಗ್ರಿ, ಕತ್ತಲ ಬದಿಯೇ 600 ಡಿಗ್ರಿ ಸೆಲ್ಸಿಯಸ್ ಎಂದು ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಅಳೆದಿದೆ. ಆದರೂ ಇಂಥವುಗಳ ಟ್ರಾನ್ಸಿಟ್ ಸಮಯ ಬೇಕಾಗಿದೆ. ಈ ಗ್ರಹದ ಸುತ್ತಿನ ಅವಧಿಯ ಲೆಕ್ಕದಲ್ಲಿ ಅರ್ಧ ಸೆಕೆಂಡ್ ವ್ಯತ್ಯಾಸ ಇದ್ದರೂ, ಮುಂದಿನ ಟ್ರಾನ್ಸಿಟ್ ಯಾವಾಗ ಎಂಬ ಲೆಕ್ಕದ ತಪ್ಪು ವರ್ಷಕ್ಕೆ ನಾಲ್ಕು ನಿಮಿಷದ ಹತ್ತಿರ ಬೆಳೆಯುತ್ತದೆ. ಸುಮಾರು 1000 ಗ್ರಹಗಳ ವಾತಾವರಣ ನೋಡಲಿರುವ ಯುರೋಪಿನ ಏರಿಯಲ್ ದೂರದರ್ಶಕಕ್ಕಾಗಿ ಎಕ್ಸೊಕ್ಲಾಕ್ ಯೋಜನೆ ಈ ಸಮಯಗಳನ್ನು ಸರಿಯಾಗಿ ಇಡುತ್ತಿದೆ. ಹವ್ಯಾಸಿಗಳ ಅಳತೆಯನ್ನೂ ತೆಗೆದುಕೊಳ್ಳುತ್ತದೆ. ನನ್ನದನ್ನೂ ಕಳಿಸುತ್ತೇನೆ.

ಮನಸ್ಸಿರುವುದು ಬದುಕು ಸಾಧ್ಯವಿರುವ ಗ್ರಹಗಳ ಮೇಲೇ. ನಮ್ಮ ಭೂಮಿ ಸೂರ್ಯನ ಮುಂದೆ ಹಾದರೆ ದೂರದವರಿಗೆ ಬೆಳಕು ಶೇ 0.0084 ಮಾತ್ರ ಇಳಿಯುತ್ತದೆ, ಅದೂ ವರ್ಷಕ್ಕೊಮ್ಮೆ. ಬ್ಯಾಣದಿಂದ ಅದು ಆಗದ ಮಾತು. ನಕ್ಷತ್ರ ಚಿಕ್ಕದಾದರೆ ಇಳಿಕೆ ದೊಡ್ಡದು, ಸುತ್ತೂ ಬೇಗ. 40 ಜ್ಯೋತಿರ್ವರ್ಷ ದೂರದ ಟ್ರಾಪಿಸ್ಟ್-1ಇ ಗ್ರಹ ತನ್ನ ಚಿಕ್ಕ ಕೆಂಪು ನಕ್ಷತ್ರವನ್ನು 6.1 ದಿನಕ್ಕೊಮ್ಮೆ ಸುತ್ತುತ್ತದೆ. ಆದರೆ ಆ ನಕ್ಷತ್ರ ನನ್ನ ಟೆಲಿಸ್ಕೋಪಿಗೆ ತುಂಬಾ ಮಂಕು.

ಹಾಗಾಗಿ ಮಳೆಗಾಲಕ್ಕೆ ಬೇರೆ ಕೆಲಸ ಇಟ್ಟುಕೊಂಡಿದ್ದೇನೆ. ಇಂಥ ಗ್ರಹಗಳನ್ನು ಹುಡುಕುವ ಟೆಸ್ ಉಪಗ್ರಹದ ಮಾಹಿತಿ ಎಲ್ಲರಿಗೂ ಉಚಿತ. ಅದರಲ್ಲಿ ಟಿಒಐ-700 ನಕ್ಷತ್ರದ ಬೆಳಕಿನ ದಾಖಲೆ ಇಳಿಸಿಕೊಂಡಿದ್ದೇನೆ. ನಮ್ಮಲ್ಲಿ ಅದು ದಕ್ಷಿಣ ದಿಗಂತದಿಂದ ಹತ್ತು ಡಿಗ್ರಿಯಷ್ಟೇ ಏರುತ್ತದೆ, ಗುಡ್ಡದ ಮರಗಳೇ ಮುಚ್ಚಿಬಿಡುತ್ತವೆ. 2020ರಲ್ಲಿ ಪ್ರಕಟವಾದ ಅದರ ಡಿ ಗ್ರಹ ಭೂಮಿಗಿಂತ ಸ್ವಲ್ಪವೇ ದೊಡ್ಡದು, ನೀರು ದ್ರವವಾಗಿ ಇರಬಹುದಾದ ದೂರದಲ್ಲಿದೆ. ದಾಖಲೆಯನ್ನು ಆ ಗ್ರಹದ ಒಂದು ಸುತ್ತಿನಷ್ಟು, ಅಂದರೆ 37.4 ದಿನದ ತುಂಡುಗಳಾಗಿ ಮಾಡಿ, ಒಂದರ ಮೇಲೊಂದು ಇಟ್ಟು, ಆ ಸಣ್ಣ ಇಳಿಕೆ ನನ್ನ ಲೆಕ್ಕದಲ್ಲೂ ಬರುತ್ತದಾ ನೋಡಬೇಕು. ಬಂದರೆ 27.8 ದಿನದ ಇ ಗ್ರಹಕ್ಕೆ ಕೈ ಹಾಕುತ್ತೇನೆ.