ಪಾರ್ಸರ್ ಏನೇನು ಊಹಿಸುತ್ತದೆ ಅಂತ ಬರೆದಿಡಿ

ಬಿಡುವಿದ್ದಾಗ ನಾನು ಕೆಲಸ ಮಾಡುವ ಒಂದು ಓಪನ್ ಸೋರ್ಸ್ ಲೈಬ್ರರಿಗೆ ಹೊಸ ಫೀಚರ್ ಬರುತ್ತಿದೆ. ಸಿಎಸ್‌ವಿ, ಅಂದರೆ ಅಲ್ಪವಿರಾಮಗಳಿಂದ ಕಾಲಂ ಬೇರ್ಪಡಿಸಿದ ಪಠ್ಯದ ಫೈಲ್ ಕೊಟ್ಟರೆ ಯಾವ ಕಾಲಂನಲ್ಲಿ ಸಂಖ್ಯೆ ಇದೆ, ಯಾವುದರಲ್ಲಿ ದಿನಾಂಕ ಇದೆ, ಯಾವುದು ಬರೀ ಪಠ್ಯ ಅಂತ, ಅಂದರೆ ಪ್ರತಿ ಕಾಲಂನ ಟೈಪ್ ಏನು ಅಂತ, ಫೈಲ್ ಓದುವ ಭಾಗವಾದ ಪಾರ್ಸರ್ ತಾನೇ ಕಂಡುಹಿಡಿಯುತ್ತದೆ. ಕೋಡ್ ರಿವ್ಯೂ ಬೇರೆಯವರು ಮುಗಿಸಿದ್ದರು, ಡಾಕ್ಯುಮೆಂಟೇಶನ್ ನನ್ನ ಪಾಲಿಗೆ ಬಂತು. ಈ ಕೆಲಸಕ್ಕೆ ಜನ ಮುಂದೆ ಬರುವುದು ಕಡಿಮೆ. ಎರಡು ಕಾಗುಣಿತ ತಿದ್ದಿ ಒಪ್ಪಿಗೆ ಒತ್ತುವುದೇ ರೂಢಿ. ನನಗಂತೂ ಕೋಡ್ ರಿವ್ಯೂಗಿಂತ ಇದೇ ರುಚಿ, ಯಾಕೆಂದರೆ ಕೋಡ್ ಬರೆದವರು ಯಾವುದನ್ನು ಯೋಚಿಸಿಯೇ ಇಲ್ಲ ಅನ್ನುವುದು ಇಲ್ಲಿ ಬೇಗ ಗೊತ್ತಾಗುತ್ತದೆ.

ಮೊದಲ ಸಾಲೇ ಹೀಗಿತ್ತು: "ಪ್ರತಿ ಕಾಲಂನ ಟೈಪನ್ನು ತಾನಾಗಿಯೇ ಸರಿಯಾಗಿ ಗುರುತಿಸುತ್ತದೆ." ಎಷ್ಟು ಸಾಲು ನೋಡಿ ಗುರುತಿಸುತ್ತದೆ ಅಂತ ಕೇಳಿದೆ. ಮೊದಲ ಸಾವಿರ ಸಾಲು ನೋಡಿ ಪೂರ್ಣಾಂಕ ಅಂತ ತೀರ್ಮಾನವಾದ ಮೇಲೆ ಐವತ್ತು ಸಾವಿರದನೇ ಸಾಲಿನಲ್ಲಿ "ಗೊತ್ತಿಲ್ಲ" ಅಂತ ಬಂದರೆ ಏನಾಗುತ್ತದೆ? ಓದುವುದು ನಿಲ್ಲುತ್ತದಾ, ಇಡೀ ಕಾಲಂ ಪಠ್ಯಕ್ಕೆ ತಿರುಗುತ್ತದಾ? ಕೋಡ್ ತೆರೆದು ನೋಡಿದರೆ ಎರಡೂ ಅಲ್ಲ, ಸದ್ದಿಲ್ಲದೆ ಆ ಜಾಗ ಖಾಲಿ ಬಿಡುತ್ತಿತ್ತು. ಹಾಗೆ ಮಾಡಬಾರದು ಅಂತೇನಿಲ್ಲ. ಆದರೆ ಬಳಸುವವನಿಗೆ ಅದು ಮೊದಲೇ ತಿಳಿದಿರಬೇಕು, ವರದಿಯಲ್ಲಿ ಮೊತ್ತ ತಪ್ಪಿದ ಮೇಲಲ್ಲ.

ಇದನ್ನು ಚೆನ್ನಾಗಿ ಬರೆದವರಿದ್ದಾರೆ. ಡಕ್‌ಡಿಬಿ ಎಂಬ ಡೇಟಾಬೇಸ್ ಸಿಎಸ್‌ವಿ ಓದುವಾಗ ಪೂರ್ವನಿಯೋಜಿತವಾಗಿ 20,480 ಸಾಲುಗಳ ಮಾದರಿ ನೋಡಿ ಟೈಪ್ ಊಹಿಸುತ್ತದೆ. ಆ ಸಂಖ್ಯೆಯನ್ನೂ ಕೊಟ್ಟು, ಇಡೀ ಫೈಲ್ ನೋಡಬೇಕಿದ್ದರೆ -1 ಕೊಡಿ ಅಂತಲೂ ಹೇಳಿದ್ದಾರೆ. ಪೈಥಾನ್ ಭಾಷೆಯ ಸಿಎಸ್‌ವಿ ಮಾಡ್ಯೂಲಿನಲ್ಲಿ ಮೊದಲ ಸಾಲು ಶೀರ್ಷಿಕೆಯೇ ಅಂತ ಊಹಿಸುವ ಒಂದು ಫಂಕ್ಷನ್ ಇದೆ. ಅದರ ಕೈಪಿಡಿ ಇದು ಒರಟು ಅಂದಾಜು, ಎರಡೂ ಕಡೆಗೆ ತಪ್ಪಬಹುದು ಅಂತ ನೇರವಾಗಿ ಒಪ್ಪಿಕೊಳ್ಳುತ್ತದೆ. ನನಗೆ ಬೇಕಾಗಿದ್ದದ್ದು ಅಂಥ ಒಂದು ವಾಕ್ಯ.

ಉದಾಹರಣೆಗಳ ಕತೆ ಇನ್ನೊಂದು. ಮೂರು ಸಾಲಿನ ಫೈಲ್, ಹೆಸರು, ವಯಸ್ಸು, ಹುಟ್ಟಿದ ದಿನ, ಎಲ್ಲವೂ ಮದುವೆ ಫೋಟೋದ ಹಾಗೆ ನೀಟು. ಅಂಥ ಡೇಟಾ ನನ್ನ ಕೈಗೆ ಎಂದೂ ಬಂದಿಲ್ಲ. ಹಾಗಾಗಿ ನನ್ನದೇ ಒಂದು ಗಬ್ಬು ಫೈಲ್ ಮಾಡಿ ಓಡಿಸಿದೆ.

00712 ಎಂಬ ಸದಸ್ಯ ಸಂಖ್ಯೆ 712 ಆಯಿತು. ನಡುವೆ ಇಂಗ್ಲಿಷಿನ ಇ ಇರುವ 12ಇ4 ಎಂಬ ಬಿಡಿಭಾಗದ ಕೋಡ್ ಘಾತಾಂಕವೆಂದು ಓದಿಸಿಕೊಂಡು 1,20,000 ಆಗಿ ಕೂತಿತು. ಖಾಲಿ ಜಾಗಗಳಿದ್ದ ಕಾಲಂನ ಪೂರ್ಣಾಂಕಗಳು ದಶಮಾಂಶಕ್ಕೆ ತಿರುಗಿ 9007199254740993 ಇದ್ದದ್ದು 9007199254740992 ಆಯಿತು. 64 ಬಿಟ್‌ನ ದಶಮಾಂಶ ಮಾದರಿಯಲ್ಲಿ 2ರ 53ನೇ ಘಾತ ದಾಟಿದ ಮೇಲೆ ಎಲ್ಲ ಪೂರ್ಣಾಂಕಗಳಿಗೂ ಜಾಗವಿಲ್ಲ. ಈ ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಒಂದೇ ಅಂಕಿ ಬದಲಾದರೆ ಕಣ್ಣಿಗೆ ಬೀಳುವುದೇ ಇಲ್ಲ. ದೇಶದ ಕೋಡ್‌ಗಳ ಕಾಲಂನಲ್ಲಿ ನಮೀಬಿಯಾ ಮಾಯ. ಅದರ ಎರಡಕ್ಷರದ ಕೋಡ್ ಎನ್‌ಎ, ಪಾರ್ಸರಿಗೆ ಎನ್‌ಎ ಅಂದರೆ ಮಾಹಿತಿ ಇಲ್ಲ. ಪೈಥಾನಿನ ಡೇಟಾ ಲೈಬ್ರರಿ ಪಾಂಡಾಸ್ ಕೂಡ ಹೀಗೇ ಮಾಡುತ್ತದೆ, ಆದರೆ ಯಾವ ಯಾವ ಪದಗಳನ್ನು ಖಾಲಿ ಎಂದು ಎಣಿಸುತ್ತೇನೆ ಅಂತ ಪೂರ್ತಿ ಪಟ್ಟಿ ಕೊಟ್ಟು, ಅದನ್ನು ನಿಲ್ಲಿಸುವ ದಾರಿಯನ್ನೂ ತೋರಿಸಿದೆ. 03/04/2025 ಏಪ್ರಿಲ್ಲೋ ಮಾರ್ಚೋ ಅನ್ನುವ ಹಳೆಯ ಜಗಳವನ್ನು ಇಲ್ಲಿ ಎತ್ತುವುದಿಲ್ಲ.

ಇಂಥದ್ದೆಲ್ಲ ಅತಿ ಸೂಕ್ಷ್ಮ ಅನ್ನುವವರಿಗೆ ನಾನು ಜೀನ್‌ಗಳ ವಿಷಯ ಹೇಳುತ್ತೇನೆ. ಸೆಪ್ಟ್1, ಮಾರ್ಚ್1 ಎಂಬ ಜೀನ್ ಹೆಸರುಗಳನ್ನು ಎಕ್ಸೆಲ್ ದಿನಾಂಕ ಮಾಡಿಬಿಡುತ್ತಿತ್ತು. ಕೊನೆಗೆ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೆಪ್ಟಿನ್1, ಮಾರ್ಚ್‌ಎಫ್1 ಅಂತ ಹೆಸರು ಬದಲಿಸಿತು, 2020ರ ಮಾರ್ಗಸೂಚಿಯಲ್ಲಿ ಅದರ ಪ್ರಸ್ತಾಪವೂ ಇದೆ. ತಂತ್ರಾಂಶದ ಊಹೆಗೆ ವಿಜ್ಞಾನವೇ ಜಾಗ ಬಿಟ್ಟುಕೊಟ್ಟಿತು.

ಫೈಲಿನ ಕೊನೆಗೆ ಅಭ್ಯಾಸಬಲದಿಂದ ಕನ್ನಡ ಅಂಕಿಗಳ ಒಂದು ಕಾಲಂ ಸೇರಿಸಿದ್ದೆ. ಪೈಥಾನಿನಲ್ಲಿ "೧೨೩" ಅನ್ನು ಪೂರ್ಣಾಂಕಕ್ಕೆ ಬದಲಿಸಿದರೆ 123 ಸಿಗುತ್ತದೆ, ಜಾವಾಸ್ಕ್ರಿಪ್ಟ್ ಅದು ಸಂಖ್ಯೆಯೇ ಅಲ್ಲ ಅನ್ನುತ್ತದೆ. ನಮ್ಮ ಲೈಬ್ರರಿಯಲ್ಲಿ ಟೈಪ್ ಊಹಿಸುವ ಭಾಗ ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಅಕ್ಷರಗಳ ವಿನ್ಯಾಸ ಹೊಂದಿಸಿ ನೋಡುವ ಸೂತ್ರ, ಅದಕ್ಕೆ ಕನ್ನಡ ಅಂಕಿಯೂ ಅಂಕಿಯೇ. ಬದಲಿಸುವ ಭಾಗ ವೇಗಕ್ಕಾಗಿ ಸಿ ಭಾಷೆಯಲ್ಲಿದೆ, ಅದಕ್ಕೆ 0ಯಿಂದ 9ರವರೆಗೆ ಮಾತ್ರ ಗೊತ್ತು. ಒಬ್ಬ ಸಂಖ್ಯೆ ಅಂದ, ಇನ್ನೊಬ್ಬ ಓದಲಾಗದೆ ಖಾಲಿ ಬಿಟ್ಟ, ಇಡೀ ಕಾಲಂ ಹೋಯಿತು. ಡಾಕ್ಯುಮೆಂಟೇಶನ್ ಓದಲು ಕೂತು ಸಿಕ್ಕ ನಿಜವಾದ ಬಗ್ ಇದು. ಕೋಡ್ ಬರೆದವರು ಬೇಗನೆ ಸರಿಪಡಿಸಿದರು, ಈಗ ಅಂಥ ಕಾಲಂ ಪಠ್ಯವಾಗಿಯೇ ಉಳಿಯುತ್ತದೆ.

"ಸಿಎಸ್‌ವಿ ಸ್ಟ್ಯಾಂಡರ್ಡ್‌ಗೆ ಬದ್ಧ" ಅನ್ನುವ ಸಾಲನ್ನು ತೆಗೆಯಲು ಹೇಳಿದೆ. ಅವರ ಮನಸ್ಸಿನಲ್ಲಿದ್ದದ್ದು 2005ರ ಆರ್‌ಎಫ್‌ಸಿ 4180, ಇಂಟರ್ನೆಟ್ಟಿನ ತಾಂತ್ರಿಕ ದಾಖಲೆಗಳ ಸರಣಿಯಲ್ಲಿ ಒಂದು. ಅದು ತನ್ನನ್ನು ಮಾಹಿತಿಗಾಗಿ ಮಾತ್ರ ಅಂತ ಕರೆದುಕೊಳ್ಳುತ್ತದೆ, ಸ್ಟ್ಯಾಂಡರ್ಡ್ ಅನ್ನುವುದಿಲ್ಲ. ಅದರ ಪ್ರಕಾರ ಒಂದು ಸಾಲಿನಿಂದ ಇನ್ನೊಂದನ್ನು ಬೇರ್ಪಡಿಸಲು ಸಿಆರ್ ಮತ್ತು ಎಲ್‌ಎಫ್ ಎಂಬ ಕಣ್ಣಿಗೆ ಕಾಣದ ಎರಡು ಚಿಹ್ನೆಗಳೂ ಇರಬೇಕು, ನಾವು ಬರೆಯುವುದು ಎಲ್‌ಎಫ್ ಒಂದೇ.

ಅವರ ಉತ್ತರ ಸಭ್ಯವಾಗಿತ್ತು, ಗಟ್ಟಿಯಾಗಿಯೂ ಇತ್ತು. ಇಷ್ಟೆಲ್ಲ ಬರೆದರೆ ಓದುವವನು ಹೆದರಿ ಓಡುತ್ತಾನೆ, ಒಳ್ಳೆಯ ಪಾರ್ಸರ್ ಉದಾರವಾಗಿರಬೇಕು ಅಂತ ಇಂಟರ್ನೆಟ್ ಕಟ್ಟಿದವರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ 1980ರಲ್ಲೇ ಹೇಳಿಲ್ಲವೇ ಅಂದರು. ಹೇಳಿದ್ದಾರೆ, ಕಂಪ್ಯೂಟರುಗಳು ಡೇಟಾ ಕಳಿಸಿಕೊಳ್ಳುವ ನಿಯಮಾವಳಿಯಾದ ಟಿಸಿಪಿಯ ವಿಷಯದಲ್ಲಿ: ಕಳಿಸುವಾಗ ಬಿಗಿಯಾಗಿರಿ, ಸ್ವೀಕರಿಸುವಾಗ ಉದಾರವಾಗಿರಿ ಅಂತ. ಆ ಉದಾರತೆ ಕಾಲಕ್ರಮದಲ್ಲಿ ದೋಷಗಳನ್ನೇ ನಿಯಮ ಮಾಡಿಬಿಡುತ್ತದೆ ಅಂತ 2023ರ ಆರ್‌ಎಫ್‌ಸಿ 9413 ಎಚ್ಚರಿಸಿದ್ದನ್ನೂ ತೋರಿಸಿದೆ. ಹೆದರಿಕೆಯ ಮಾತಿನಲ್ಲಿ ಸ್ವಲ್ಪ ಹುರುಳಿತ್ತು, ಅದಕ್ಕೆ ಮೊದಲ ಪುಟವನ್ನು ಚಿಕ್ಕದಾಗಿಯೇ ಬಿಟ್ಟೆವು. ಊಹೆಗಳೆಲ್ಲ ಈಗ ಬೇರೊಂದು ಪುಟದಲ್ಲಿವೆ: ಒಳಗೆ ಹೋದದ್ದೇನು, ಹೊರಗೆ ಬಂದದ್ದೇನು, ತಡೆಯುವ ಆಯ್ಕೆ ಯಾವುದು. ಅಲ್ಲಿನ ಪ್ರತಿ ಸಾಲೂ ಒಂದು ಟೆಸ್ಟ್. ಕೋಡ್ ಬದಲಾಗಿ ಪುಟ ಹಳತಾದರೆ ಟೆಸ್ಟ್ ಸೋತು ಬಿಲ್ಡ್ ಒಡೆಯುತ್ತದೆ.

ಬಾಮ್ ವಿಷಯ, ಅಂದರೆ ಯುಟಿಎಫ್-8 ಫೈಲಿನ ತಲೆಯಲ್ಲಿ ಕೂತು ಮೊದಲ ಕಾಲಂನ ಹೆಸರು ಕೆಡಿಸುವ ಮೂರು ಬೈಟ್‌ಗಳದ್ದು, ಬೇರೆ ಪುಲ್ ರಿಕ್ವೆಸ್ಟಿಗೆ, ಅಂದರೆ ಕೋಡ್ ಬದಲಾವಣೆಯ ಇನ್ನೊಂದು ಪ್ರಸ್ತಾವಕ್ಕೆ, ಹೋಯಿತು. ಟೈಪ್ ಊಹೆ ಪೂರ್ವನಿಯೋಜಿತವಾಗಿ ಚಾಲೂ ಇರಬೇಕಾ ಅನ್ನುವ ಪ್ರಶ್ನೆ ಮಾತ್ರ ಇನ್ನೂ ತೆರೆದಿದೆ. ಕೇಳಿದವರಿಗೆ ಮಾತ್ರ ಊಹಿಸಿಕೊಡಲಿ, ಉಳಿದವರಿಗೆ ಎಲ್ಲವೂ ಪಠ್ಯವಾಗಿಯೇ ಬರಲಿ ಅಂತ ನನ್ನ ಮತ. ಸದ್ಯಕ್ಕೆ ನಾನು ಅಲ್ಪಮತದಲ್ಲಿದ್ದೇನೆ.